ಕೊನೇ ಸಾಲಿಗೂ ಕೇಳುವ ಡೋಲು

ಭಾವನ ಕೈಡೋಲಿಗೆ ಮೈಕಿನ ತಂತಿಗೆಂದು ತೂತು ಕೊರೆಯುವ ಮೊದಲು ರಿಪೇರಿಯವ ಮೂರು ಸಲ ಅಳತೆ ನೋಡಿದ್ದು ಸುಳ್ಳಲ್ಲ. ರೇಡಿಯೊ, ಮಿಕ್ಸಿ, ಟೇಬಲ್ ಫ್ಯಾನು, ಯಾವುದರ ಹೊಟ್ಟೆ ಬಗೆಯಲಿಕ್ಕೂ ಅವನು ಹಿಂದೆಮುಂದೆ ನೋಡಿದವನಲ್ಲ. ಆದರೆ ಇದು ಅಕ್ಕನ ಗಂಡನ ಡೋಲು. ಮೇಲೆ ಚರ್ಮ, ಕೆಳಗೆ ತೆರೆದ ಬಾಯಿ, ನಡುವೆ ಹೂಜಿಯಂಥ ಮರದ ಮೈ. ಭಾವ ಅದನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು, ಗದ್ದ ಇನ್ನೇನು ಚರ್ಮಕ್ಕೆ ತಾಗಿತು ಅನ್ನುವಷ್ಟು ಬಗ್ಗಿ ಬಾರಿಸುವವರು. ಅಕ್ಕ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು.

"ತೂತು ಜನರಿಗೆ ಕಾಣಬಾರದು ಕಣೋ," ಎಂದರು ಭಾವ. "ನನ್ನ ಕಡೆಗಿರ್ಲಿ, ಮೇಲುಗಡೆ."

ಅವಮಾನ ಆಗಲೇ ಬೇಕಾದಷ್ಟಾಗಿತ್ತು. ಭಾವ ಬಾರಿಸುವ ಹಾಡಿನ ಮೇಳದ ಯಜಮಾನ, ಎಲ್ಲರೂ ದೊಡ್ಡದನಿ ಎಂದು ಕರೆಯುವ ಗಾಯಕ, ತಂತಾನೇ ತಾಳ ಹಾಕುವ ಒಂದು ಯಂತ್ರ ತಂದಿಟ್ಟುಕೊಂಡಿದ್ದ. "ನೋಡಯ್ಯ, ನಿನ್ನ ಪೆಟ್ಟೆಲ್ಲ ನೆಲಕ್ಕೆ ಹೋಗುತ್ತೆ. ಶನಿವಾರದ ಕಾರ್ಯಕ್ರಮದಲ್ಲಿ ಕೊನೇ ಸಾಲಿಗೆ ಕೇಳಿಸಿದ್ರೆ ನೀನು, ಇಲ್ಲಾಂದ್ರೆ ಯಂತ್ರ," ಎಂದು ಖಡಾಖಂಡಿತವಾಗಿ ಹೇಳಿದ್ದ. ಅವತ್ತಿನಿಂದ ಭಾವನಿಗೆ ಊಟ ಸೇರುತ್ತಿರಲಿಲ್ಲ. ಹಗಲೆಲ್ಲ ಬಸ್ಸಿನ ಸ್ಟಿಯರಿಂಗ್ ಹಿಡಿಯುವ ಮನುಷ್ಯ, ಸಂಜೆಯ ಆ ಡೋಲು ಹೋದರೆ ತನ್ನದು ಅನ್ನುವುದು ಏನುಳಿಯಿತು?

ರಿಪೇರಿಯವನ ಹತ್ತಿರ ಡೋಲಿನ ಮೈಕು ಎಲ್ಲಿಂದ ಬರಬೇಕು? ಭಾಷಣ ಮಾಡುವವರು ಅಂಗಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಮೈಕೊಂದಿತ್ತು. ಒಳಗೆ ಅಂಟಿಸಿದರೆ ಪ್ರತಿ ಪೆಟ್ಟಿಗೂ ಕಳಚಿ ಬೀಳುತ್ತಿತ್ತು. ಕೊನೆಗೆ ಸ್ಪಂಜು ಸುತ್ತಿ ಆ ತೂತಿನಲ್ಲೇ ಬಿರಡೆಯ ಹಾಗೆ ತುರುಕಿ, ತಂತಿಯನ್ನು ಸ್ಕ್ರೂ ಹಾಕಿ ಬಿಗಿದ. ಮೈಕಿನ ಮೂತಿ ಅರ್ಧ ಒಳಗೆ, ಅರ್ಧ ಹೊರಗೆ. ಭಾವ ಉಳಿದ ಸ್ಕ್ರೂಗಳನ್ನು ತುಟಿಗಳ ನಡುವೆ ಕಚ್ಚಿಕೊಂಡೇ ಬಾರಿಸಿ ನೋಡಿದರು. ಎದುರಿನ ಚಪ್ಪಲಿ ಅಂಗಡಿಯವನು ಏನಾಯಿತೋ ಎಂದು ಹೊರಗೋಡಿ ಬಂದ. ಭಾಮೈದನ ಬೆನ್ನು ತಟ್ಟಿ ಭಾವ ಡೋಲು ಎತ್ತಿಕೊಂಡು ಹೋದರು.

ಆ ಸ್ಕ್ರೂಗಳಿಂದಲೇ ಎಡವಟ್ಟಾದದ್ದು. ಬಾಯಿ ಮುಚ್ಚಿಕೊಂಡು ಭಾವ ಡೋಲು ಬಾರಿಸಿದ್ದು ಅವರ ಜನ್ಮದಲ್ಲಿ ಅದೊಂದೇ ಸಲ.

ಶನಿವಾರ ಗಿರಣಿಯ ನಿವೃತ್ತರ ಸಂಘದ ಸಭಾಂಗಣ ಕಿಕ್ಕಿರಿದಿತ್ತು. ಯಂತ್ರ ಕರವಸ್ತ್ರ ಹೊದ್ದುಕೊಂಡು ವೇದಿಕೆಯ ಸ್ಟೂಲಿನ ಮೇಲೆ ಕೂತಿತ್ತು. ಅಕ್ಕ ಮೂರನೇ ಸಾಲಿನಲ್ಲಿದ್ದಳು. "ನಾನು ನೋಡೋಕೆ ಬಂದಿದ್ದು ನಿನ್ನ ಕೆಲಸನ. ಆ ಮನುಷ್ಯಂಗೆ ನಾನು ಹೇಳಿದ್ದು ಒಂದೂ ಕಿವಿಗೆ ಹೋಗಲ್ಲ, ಅವರು ಬಾರಿಸಿದ್ದು ನಾನ್ಯಾಕೆ ಕೇಳ್ಲಿ?" ಎಂದು ತಮ್ಮನಿಗೆ ಮೊದಲೇ ಹೇಳಿದ್ದಳು. ತಮ್ಮ ಪಕ್ಕದ ಗೋಡೆಗೊರಗಿ, ದನಿ ಏರಿಸಿ ಇಳಿಸುವ ಗುಂಡಿಗಳ ಮುಂದೆ ಕೂತ.

ಮೊದಲ ಹಾಡು ಏಳು ಪೆಟ್ಟಿನದು. ದೊಡ್ಡದನಿ ಕಣ್ಣು ಮುಚ್ಚಿ ಬಾಯಿ ತೆರೆದ. ಭಾವ ಬಗ್ಗಿದರು. ಸ್ಪೀಕರಿನಿಂದ ಪೆಟ್ಟು ಗುಂಡುಗುಂಡಾಗಿ ಉರುಳಿ ಬಂತು. ಅದರ ಬೆನ್ನಿಗೇ, ಬಾರಿಸುತ್ತಾ ಬಾಯೊಳಗೇ ಗುನುಗುವ ಭಾವನ ದನಿಯೂ ಬಂತು.

"ನಲ್ಲಿ ಸೋರ್ತಿದೆ, ನಲ್ಲಿ ಸೋರ್ತಿದೆ, ಯಾರ್ಗೆ ಹೇಳಲಿ, ನಲ್ಲಿ ಸೋರ್ತಿದೆ."

ರಿಪೇರಿಯವ ಗಕ್ಕನೆ ಮೂರನೇ ಸಾಲಿನತ್ತ ತಿರುಗಿದ. ಇದು ಅಕ್ಕನ ಮಾತು! ದಿನಾ ಬೆಳಿಗ್ಗೆ ಅವಳ ಅಡುಗೆಮನೆಯಿಂದ ಇದೇ ರಾಗದಲ್ಲಿ ಕೇಳುವ ಮಾತು. ಭಾವನಿಗೆ ಗುರು ಯಾರೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ತಾನೇ ಕಲಿತೆ ಎನ್ನುತ್ತಿದ್ದರು. ಏನನ್ನು ಹಿಡಿದು ಕಲಿತರು ಎಂಬುದು ಈಗ ಊರಿಗೇ ಗೊತ್ತಾಗುತ್ತಿತ್ತು.

ಸ್ಪೀಕರುಗಳ ಮುಖ ಜನರ ಕಡೆಗಿದ್ದದ್ದರಿಂದ ಭಾವನಿಗೆ ಇದ್ಯಾವುದೂ ತಿಳಿಯಲಿಲ್ಲ. ಜನ ನಗುವುದನ್ನು ಕಂಡು, ತನ್ನ ಕೈಚಳಕಕ್ಕೇ ಖುಷಿಪಡುತ್ತಿದ್ದಾರೆಂದು ಉಬ್ಬಿಹೋದರು. ಕೈ ಐದು ಪೆಟ್ಟಿಗೆ ಹಾರಿತು.

"ಎಲ್ಲಿಟ್ರಿ, ಎಲ್ಲಿಟ್ರಿ, ಕೀಲಿಕೈ ಎಲ್ಲಿಟ್ರಿ!"

ರಿಪೇರಿಯವನ ಬೆರಳು ಗುಂಡಿಯ ಮೇಲಿತ್ತು. ತಗ್ಗಿಸಿದರೆ ಮಾತು ನಿಲ್ಲುತ್ತದೆ. ಡೋಲೂ ನಿಲ್ಲುತ್ತದೆ, ಭಾವನ ಜಾಗಕ್ಕೆ ಸ್ಟೂಲಿನ ಮೇಲಿನ ಪಿಶಾಚಿ ಬರುತ್ತದೆ. ತಗ್ಗಿಸದಿದ್ದರೆ ಅಕ್ಕ ಇಬ್ಬರನ್ನೂ ಮನೆಗೆ ಸೇರಿಸುವುದಿಲ್ಲ. ಅವಳ ಮುಖ ಕೆಂಡವಾಗಿತ್ತು.

ಅಷ್ಟರಲ್ಲಿ ತೀರಾ ಹಿಂದಿನಿಂದ ಒಬ್ಬ ಅಜ್ಜಿ ಕೂಗಿದಳು: "ಕೊನೇ ಸಾಲಿಗೂ ಕೇಳಿಸ್ತಿದೆ ಕಣಪ್ಪಾ, ಭೇಷ್! ನಮ್ಮನೆ ಕೀಲಿಕೈನೂ ಹುಡುಕ್ಕೊಡು!"

ರಿಪೇರಿಯವ ಬೆರಳು ತೆಗೆದ. ಆದದ್ದಾಗಲಿ.

ಅಕ್ಕ ಎದ್ದಳು. ಸೀದಾ ವೇದಿಕೆ ಹತ್ತಿದಳು. ದೊಡ್ಡದನಿ ಕಣ್ಣು ಬಿಟ್ಟು, ಅವಳನ್ನು ಕಂಡು ಹಾಡನ್ನು ಅರ್ಧಕ್ಕೇ ನುಂಗಿದ. ಭಾವನ ಕೈ ಗಾಳಿಯಲ್ಲೇ ನಿಂತಿತು. ನಾಲ್ಕು ಜನರೆದುರು ಗಂಡನನ್ನು ಬೈಯಬಾರದೆಂದು ಅಕ್ಕ ಅವರ ಕಿವಿಗೆ ಬಗ್ಗಿ ಮೆಲ್ಲಗೆ ಕೇಳಿದಳು. ಬಗ್ಗಿದ್ದು ಸರಿಯಾಗಿ ಆ ತೂತಿನ ಮೇಲೆ.

"ಅಂದ್ರೆ ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಕೇಳಿಸ್ತಿತ್ತಾ ನಿಮಗೆ?" ಎಂದು ಸಭಾಂಗಣವಿಡೀ ಗುಡುಗಿತು.

ಭಾವ ಕಕ್ಕಾಬಿಕ್ಕಿಯಾದರು. "ಕೇಳಿಸದೆ ಏನು? ಅದಿಲ್ದೆ ನಾನು ಬಾರಿಸೋದು ಹೇಗೆ?" ಎಂದರು. ಅದೂ ಗುಡುಗಿತು.

ತನ್ನ ಮಾತೆಲ್ಲ ಗೋಡೆಗೆ ಹೇಳಿದಂತಾಯಿತು ಎಂದು ಅಕ್ಕ ಎಷ್ಟೋ ಸಲ ತಮ್ಮನ ಅಂಗಡಿಯಲ್ಲಿ ಕೂತು ಅತ್ತಿದ್ದಳು. ಈಗ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೂಂ, ಬಾರಿಸಿ ಮತ್ತೆ," ಎಂದು ಹೇಳಿ ಕೆಳಗಿಳಿದು ಹೋದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕಾರ್ಯಕ್ರಮ ಮುಗಿದ ಮೇಲೆ ದೊಡ್ಡದನಿ ಯಂತ್ರವನ್ನು ಚೀಲಕ್ಕೆ ತುಂಬಿದ. "ಏನು ಮಾಡೋದಯ್ಯ, ಇದಕ್ಕೆ ಹೆಂಡ್ತಿ ಇಲ್ವಲ್ಲ," ಎಂದ.

ಮರುದಿನ ಬೆಳಿಗ್ಗೆ ರಿಪೇರಿಯವ ಮೈಕನ್ನು ಒಳಕ್ಕೆ ತಳ್ಳಿ ಕೂರಿಸಲು ಅಕ್ಕನ ಮನೆಗೆ ಹೋದ. ಇಲ್ಲದಿದ್ದರೆ ಕಿವಿ ಹಿಂಡುವುದಾಗಿ ಅವಳು ಹೇಳಿಕಳಿಸಿದ್ದಳು. ನೋಡಿದರೆ ಭಾವ ಅಡುಗೆಮನೆಯಲ್ಲಿ ಸ್ಪ್ಯಾನರ್ ಹಿಡಿದು ನಲ್ಲಿಯ ಬುಡದಲ್ಲಿ ಕೂತಿದ್ದಾರೆ.

"ಭಾವ, ನಲ್ಲಿ ಸರಿಯಾದ್ರೆ ಏಳು ಪೆಟ್ಟಿಗೆ ಏನು ಗತಿ?" ಎಂದ.

"ರಿಪೇರಿ ಮಾಡ್ಲಿ ಬಿಡು," ಎಂದಳು ಅಕ್ಕ. "ಹೇಳೋಕೆ ನನ್ಹತ್ರ ಇನ್ನೂ ಬೇಕಾದಷ್ಟಿದೆ." ಅಷ್ಟರಲ್ಲಿ ನಲ್ಲಿ ಸಡಿಲವಾಗಿ ನೀರು ಚಿಮ್ಮಿತು. "ಅಯ್ಯೋ, ಮೊದ್ಲು ಬಕೆಟ್ ಇಡ್ರೀ, ನೆಲ ಎಲ್ಲ ನೀರು!"

ಭಾವ ಸ್ಪ್ಯಾನರ್ ಕೆಳಗಿಟ್ಟರು. ಮೈಯೆಲ್ಲ ತೊಯ್ಯುತ್ತಿದ್ದರೂ ಖಾಲಿ ಬಕೆಟ್ಟನ್ನು ಮಂಡಿಗಳ ನಡುವೆ ಬೋರಲು ಹಾಕಿಕೊಂಡು, ಬೆರಳು ಆಡಿಸುತ್ತಾ ಹೆಂಡತಿಯ ಮುಖ ನೋಡಿದರು.

"ಇನ್ನೊಂದ್ಸಲ ಹೇಳು," ಎಂದರು.