ಮಧ್ಯಾಹ್ನದ ರೇಟು

ಮನೆಗಳ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವುದು ನನ್ನ ಕೆಲಸ. ಈ ಊರಿನ ಅರ್ಧ ತಾರಸಿಗಳನ್ನು ಹತ್ತಿ ಇಳಿದಿದ್ದೇನೆ. ನನ್ನ ತಮ್ಮ ಮಾತ್ರ ಇವತ್ತಿಗೂ ನನ್ನನ್ನು 'ಸ್ಕ್ರೂ ತಿರುಗಿಸೋನು' ಅನ್ನುತ್ತಾನೆ. ಅನ್ನಲಿ ಬಿಡಿ, ಏಣಿ ಕಂಡರೇ ಅವನಿಗೆ ತಲೆ ಸುತ್ತುತ್ತದೆ.

ಮಗಳು ಊರಿಗೆಲ್ಲ ಕರೆಂಟು ಕೊಂಡು ಹಂಚುವ ಕಂಪನಿಯಲ್ಲಿದ್ದಾಳೆ. ನಾಳೆ ಯಾವ ಗಂಟೆಗೆ ಎಷ್ಟು ಬೇಕೆಂದು ಇವತ್ತು ಬೆಳಿಗ್ಗೆ ಹತ್ತರೊಳಗೆ ಸಗಟು ಮಾರುಕಟ್ಟೆಗೆ ತಿಳಿಸುವುದು ಅವಳ ಕೆಲಸ. ಕಡಿಮೆ ಹೇಳಿ ಸಾಲದೆ ಹೋದರೆ ಕೊನೇ ಗಳಿಗೆಯಲ್ಲಿ ಕೇಳಿದಷ್ಟು ಕೊಟ್ಟು ಕೊಳ್ಳಬೇಕು. ಆ ಕುರ್ಚಿಗೆ ಬಂದು ಅವಳಿಗೆ ಎರಡೇ ತಿಂಗಳು.

ಮೊನ್ನೆ ಬೆಳಿಗ್ಗೆ ನಾನು ಯಾರದೋ ತಾರಸಿ ಮೇಲಿದ್ದಾಗ ಫೋನ್ ಮಾಡಿದಳು.

"ಅಪ್ಪಾ, ರಾತ್ರಿ ಮಳೆ ಬಂತಲ್ಲ, ಪ್ಯಾನೆಲ್ಲು ಹೇಗಿವೆ?"

"ಫಳಫಳ ಅಂತಿವೆ. ಎರಡು ವಾರದ ಧೂಳೆಲ್ಲ ಹೋಯ್ತು. ಜನ ತೊಳೀತಾರೆ ಅಂದ್ಕೊಂಡ್ಯಾ? ಹಾಕಿಸಿದ ಮೇಲೆ ತಲೆ ಎತ್ತೂ ನೋಡಲ್ಲ."

"ಎಷ್ಟು ಜಾಸ್ತಿ ಬರ್ಬಹುದು?"

"ನಾಳೆ ಬಿಸಿಲಿದ್ರೆ ಐದರಲ್ಲಿ ಒಂದು ಪಾಲು ಜಾಸ್ತಿ. ಬರ್ಕೋ."

ಅವರ ಕಂಪ್ಯೂಟರ್ ಹಿಂದಿನ ಹತ್ತು ದಿನ ನೋಡಿ ಅಂಕಿ ಕೊಡುತ್ತದೆ. ಧೂಳು ತೊಳೆದುಹೋಗಿದ್ದು ಅದಕ್ಕೇನು ಗೊತ್ತು? ಮನೆಗಳು ತಮ್ಮ ಕರೆಂಟನ್ನೇ ಬಳಸಿಕೊಂಡರೆ ಕಂಪನಿ ಅಷ್ಟು ಕಡಿಮೆ ಕೊಂಡರಾಯಿತು. ಮಗಳು ಮಧ್ಯಾಹ್ನದ ಅಂಕಿ ಇಳಿಸಿದಳು. ಸೂರ್ಯ ಮುಳುಗಿದ ಮೇಲಿನದನ್ನು ಮುಟ್ಟಲಿಲ್ಲ. ಮ್ಯಾನೇಜರ್ ಮೂಗು ಮುರಿದರಂತೆ.

"ನಾಲ್ಕು ಮನೆ ಪ್ಯಾನೆಲ್ ನಂಬ್ಕೊಂಡು ಊರು ನಡೆಸ್ತೀಯೇನಮ್ಮ? ತಪ್ಪಾದ್ರೆ ವಾಪಸ್ ಬಿಲ್ ವಿಭಾಗಕ್ಕೆ ಹೋಗ್ತೀಯ."

ಅವಳು ಜಪ್ಪಯ್ಯ ಅಂದರೂ ಬದಲಿಸಲಿಲ್ಲ. ನನ್ನ ಮಗಳಲ್ಲವೇ.

ಮಾರನೇ ದಿನ ಒಳ್ಳೆ ಬಿಸಿಲು. ಆದರೂ ನನಗೆ ಒಂದೇ ಯೋಚನೆ. ನನ್ನ ಮಾತು ಕೇಳಿ ಅವಳು ಕುರ್ಚಿ ಕಳೆದುಕೊಂಡರೆ? ಕೆಲಸ ಅರ್ಧಕ್ಕೆ ಬಿಟ್ಟು, ಮಣ್ಣಾದ ಅಂಗಿಯಲ್ಲೇ ಹನ್ನೆರಡೂವರೆಗೆ ಅವಳ ಆಫೀಸಿನ ಬಾಗಿಲಲ್ಲಿ ನಿಂತೆ.

ಗೋಡೆಯ ಪರದೆಯಲ್ಲಿ ಮಾರುಕಟ್ಟೆಯ ಆ ಹೊತ್ತಿನ ಕರೆಂಟು ರೇಟು ಇಳಿಯುತ್ತಲೇ ಇತ್ತು. ಅಕ್ಕಪಕ್ಕದ ಊರುಗಳಲ್ಲೂ ನಾನು ಕೂರಿಸಿದ ಪ್ಯಾನೆಲ್ಲುಗಳು, ಅದೇ ಮಳೆ, ಅದೇ ಬಿಸಿಲು. ಅಲ್ಲಿಯವರು ರೂಢಿಯಂತೆ ಮೊದಲೇ ಹೆಚ್ಚು ಕೊಂಡು, ಈಗ ಮಿಕ್ಕಿದ್ದನ್ನು ಸಿಕ್ಕ ಬೆಲೆಗೆ ಮಾರಲು ಹೊರಟಿದ್ದರು. ನಮ್ಮೂರಿಗೆ ಮಾತ್ರ ಮಗಳು ಹೇಳಿದಷ್ಟೇ ಬೇಕಾಗಿತ್ತು.

ಮ್ಯಾನೇಜರ್ ನನ್ನನ್ನು ನೋಡಿ, "ಯಾರು ಬೇಕಿತ್ತು?" ಅಂದರು.

ಮಗಳು ಎದ್ದು ನಿಂತಳು. "ನಮ್ಮಪ್ಪ, ಸಾರ್. ಆ ರೇಟು ಇಳಿಸಿದ್ದು ಇವರೇ. ಹದಿನೆಂಟು ವರ್ಷದಿಂದ, ಒಂದೊಂದೇ ಮನೆ ಹತ್ತಿ."

ಜೀವನದಲ್ಲಿ ಯಾರೂ ನನ್ನ ಕೆಲಸವನ್ನು ಹಾಗೆ ಹೇಳಿರಲಿಲ್ಲ. ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಮ್ಯಾನೇಜರ್ ತಮ್ಮ ಕುರ್ಚಿಯನ್ನೇ ನನ್ನ ಕಡೆಗೆ ಎಳೆದರು. "ಕೂತ್ಕೊಳ್ಳಿ. ನಾಡಿದ್ದಿನ ಅಂಕಿ ಹಾಕೋವಾಗ ನಿಮ್ಮನ್ನೂ ಒಂದ್ಮಾತು ಕೇಳ್ತೀವಿ."