ಬಾನೆಟ್ಟಿನ ಮೇಲಿನ ಕುಂಕುಮ

ಶುಕ್ರವಾರದ ಪೇಪರಿನಲ್ಲಿ ಬೆಲೆ ಕುಂಬಳಕಾಯಿಯಷ್ಟು ದಪ್ಪಗಿತ್ತು, ಷರತ್ತು ಸಾಸಿವೆಯಷ್ಟು ಸಣ್ಣಗಿತ್ತು. ಹೊಚ್ಚ ಹೊಸ 2002ರ ಕಾರು, ಒಂಬತ್ತು ಸಾವಿರದ ಒಂಬೈನೂರು ಡಾಲರ್! ದಾಕ್ಷಾಯಣಿ ಕುಂಬಳಕಾಯಿ ನೋಡಿ ಮರುಳಾಗುವವಳಲ್ಲ. ಹುಬ್ಬಳ್ಳಿ ಸಂತೆಯಲ್ಲಿ ತಕ್ಕಡಿಯ ಕಲ್ಲನ್ನೇ ತಿರುಗಿಸಿ ನೋಡುತ್ತಿದ್ದ ಹೆಂಗಸು. ಕನ್ನಡಕ ಏರಿಸಿ ಸಾಸಿವೆಯನ್ನೂ ಓದಿದಳು. ಆ ಬೆಲೆಗೆ ಇದ್ದದ್ದು ಒಂದೇ ಕಾರು. ಅಂಗಡಿಯವರು ಅದಕ್ಕೆ ಹಾಕಿದ್ದ ನಂಬರನ್ನೂ ಕೊಟ್ಟಿದ್ದರು. ಶನಿವಾರವೇ ಕೊನೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವಳು ಫ್ಲವರ್ ಮೌಂಡ್‌ನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಹಾಜರಾಗಬೇಕಿತ್ತು. ನಾಲ್ಕು ವರ್ಷ ಅಡುಗೆಮನೆಯಲ್ಲಿ ಕಾದ ಮೇಲೆ ಅಮೆರಿಕದಲ್ಲಿ ದುಡಿಯುವ ಪರವಾನಗಿ ಬಂದು ಸಿಕ್ಕ ಮೊದಲ ಕೆಲಸ. ಕ್ಯಾರಲ್ಟನ್ನಿನ ಅವರ ಮನೆಯಿಂದ ಅಲ್ಲಿಗೆ ಬಸ್ಸಿಲ್ಲ. ಗಂಡ ಜಯಂತನ ಹಳೆಯ ಕಾರು ಏಳಕ್ಕೇ ಇನ್ನೊಂದು ದಿಕ್ಕಿಗೆ ಹೊರಡುತ್ತದೆ. ಕೂಡಿಟ್ಟದ್ದು ಆ ಬೆಲೆಗೂ ತೆರಿಗೆಗೂ ಸರಿಹೋಗುತ್ತಿತ್ತು, ಅಷ್ಟೇ. ಭಾನುವಾರ ಕಾರಿನ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ. ಶನಿವಾರ ಕಾರು ಸಿಗದಿದ್ದರೆ ಕೆಲಸವೂ ಕೈಬಿಟ್ಟಂತೆ.

ಆದರೆ ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಅಂಗಡಿ ತೆರೆಯುವುದೂ ಒಂಬತ್ತಕ್ಕೇ.

"ರಾಹುಕಾಲದಾಗ ಸಹಿ ಹಾಕೂದು ಬ್ಯಾಡ್ರಿ," ಅಂದಳು. "ಎಂಟೂವರಿಗೆ ಹೋಗಿ ಪೂಜಿ ಮಾಡಿ ಬರೂಣು. ಹತ್ತೂವರಿ ಆದಮ್ಯಾಲ ಒಳಗ ಹೋಗೂಣು."

"ಯಾರದೋ ಕಾರಿಗೆ ಪೂಜಿ ಏನ? ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದಂಗಾತು," ಎಂದ ಜಯಂತ.

"ಹೊಲಿಸಿದ್ರ ಏನಾತು? ಕೂಸು ಹುಟ್ಟತೈತಿ ಬಿಡ್ರಿ."

ಎಂಟೂವರೆಗೆ ಅಂಗಡಿಯ ಮುಂದಿನ ಸಾಲಿನಲ್ಲೇ ಬಿಳಿ ಕಾರು ನಿಂತಿತ್ತು. ಗಾಜಿನ ಮೇಲಿನ ಚೀಟಿಯ ನಂಬರನ್ನು ಪೇಪರಿನ ನಂಬರಿನ ಜೊತೆ ಎರಡು ಸಲ ತಾಳೆ ನೋಡಿದಳು. ಬಾನೆಟ್ಟಿಗೆ ನೀರು ಸವರಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಊದಿನಕಡ್ಡಿ ಬೆಳಗಿದಳು. ಜಯಂತ ಪೊಲೀಸರಿಗೇನು ಹೇಳಲಿ ಎಂಬಂತೆ ಅತ್ತಿತ್ತ ನೋಡುತ್ತಿದ್ದ. ನಾಲ್ಕು ನಿಂಬೆಹಣ್ಣುಗಳನ್ನು ಮಾತ್ರ ಅವಳು ಪರ್ಸಿನಲ್ಲೇ ಉಳಿಸಿಕೊಂಡಳು. ಅವು ಸಹಿಯಾದ ಮೇಲೆ. ಆಮೇಲೆ ಮುಂದಿನ ಬೀದಿಯ ಡೋನಟ್ ಅಂಗಡಿಯಲ್ಲಿ ರಾಹು ಹೋಗುವವರೆಗೆ ಕಾದರು.

ಹತ್ತೂವರೆ ದಾಟಿ ಒಂದು ನಿಮಿಷಕ್ಕೆ ಒಳಗೆ ಹೋದರೆ, ಡಸ್ಟಿನ್ ಎಂಬ ಸೇಲ್ಸ್‌ಮನ್ ಪೇಪರು ನೋಡಿ ತುಟಿ ಲೊಚಗುಟ್ಟಿದ.

"ಅದು ನಿನ್ನೆ ಸಂಜೆಯೇ ಮಾರಿಹೋಯಿತು, ಮೇಡಂ. ಕೊಂಡವರು ಮನೆಗೂ ಒಯ್ದರು. ಅಂಥದ್ದೇ ಇನ್ನೊಂದಿದೆ, ಮೂರು ಸಾವಿರ ಹೆಚ್ಚು."

ದಾಕ್ಷಾಯಣಿ ಕಿಟಕಿಯಾಚೆ ನೋಡಿದಳು. ಮುಂದಿನ ಸಾಲಿನ ಆ ಜಾಗ ಖಾಲಿ. ಮರುಗಳಿಗೆಯೇ ಅವಳಿಗೆ ಮೈಯೆಲ್ಲ ಉರಿದುಹೋಗುವಂಥ ಸಿಟ್ಟು ಬಂತು. ಆದರೂ ಬೆಣ್ಣೆಯಂಥ ದನಿಯಲ್ಲೇ ಕೇಳಿದಳು, "ನಿನ್ನೆ ಸಂಜೆಯೇ? ಖಂಡಿತ?"

"ನಾನೇ ಕೀ ಕೊಟ್ಟೆನಲ್ಲ!"

"ನಡೀ, ಹೋಗೂಣು," ಎಂದು ಜಯಂತ ಪಿಸುಗುಟ್ಟಿದ. "ನೀವು ಕೂಡ್ರಿ," ಎಂದವಳೇ ಎದ್ದು ಹೊರಗೆ ನಡೆದು, ಕಟ್ಟಡ ಸುತ್ತಿ ಹಿತ್ತಲಿಗೆ ಹೋದಳು. ರಿಪೇರಿ ಶೆಡ್ಡಿನ ಹಿಂದೆ ಎರಡು ಟ್ರಕ್ಕುಗಳ ನಡುವೆ ಕಾರು ಅಡಗಿತ್ತು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಟೆಕ್ಸಾಸಿನ ಬಿಸಿಲಿಗೆ ಒಣಗಿ ಗಟ್ಟಿಯಾಗಿ ಕೂತಿತ್ತು. ಅವಳಿಗೆ ಅಳುವಷ್ಟು ಸಂತೋಷವಾಯಿತು.

ಅವಳು ಮಾಡಿದ ಗದ್ದಲಕ್ಕೆ ಮ್ಯಾನೇಜರನೂ ಬಂದ, ಗಿರಾಕಿಗಳೂ ಬಂದರು.

"ನಿನ್ನೆಯೇ ಮನೆಗೆ ಹೋದ ಕಾರು ನಿಮ್ಮ ಹಿತ್ತಲಿಗೆ ಹೇಗೆ ಬಂತು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಈ ಗುರುತು ಇವತ್ತು ಬೆಳಿಗ್ಗೆ ಎಂಟೂವರೆಗೆ ನಾನೇ ಇಟ್ಟದ್ದು." ಕೆಂಪಾಗಿದ್ದ ಬೆರಳನ್ನೂ ತೋರಿಸಿದಳು.

ಡಸ್ಟಿನ್ ತಡವರಿಸಿದ. "ಯಾವುದೋ ಹಕ್ಕಿ ಹೊಲಸು ಮಾಡಿರಬೇಕು."

"ನಿಮ್ಮೂರಿನ ಹಕ್ಕಿ ನೇರ ಮೂರು ಗೆರೆ ಎಳೆದು, ನಡುವೆ ಬೊಟ್ಟೂ ಇಡುತ್ತದೆಯೇ?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ದೊಡ್ಡ ಹ್ಯಾಟಿನ ಮುದುಕನೊಬ್ಬ ಜೇಬಿನಿಂದ ಅದೇ ಪೇಪರು ತೆಗೆದು ಬಿಡಿಸಿದ. "ಒಂಬತ್ತಕ್ಕೆ ನನಗೂ ಇದೇ ಕಥೆ ಹೇಳಿದರು," ಎಂದ. "ಈ ಮೇಡಂ ನನಗಿಂತ ಮೊದಲು ಬಂದಿದ್ದಾರೆ. ಕಾರು ಅವರದ್ದು. ಪೇಪರಿನ ಬೆಲೆಗೇ ಕೊಡಿ, ನಾವೆಲ್ಲ ನೋಡ್ತೀವಿ."

ಮ್ಯಾನೇಜರ್ ಜನರತ್ತ ನೋಡಿ ಒಪ್ಪಿದ, ಡಸ್ಟಿನ್ ನೆಲ ನೋಡಿದ. ಕಾಗದಪತ್ರ ಸಿದ್ಧವಾಗುವಾಗ, ಕಾರಿನ ಬಾಗಿಲಿಗೆ ಬಳಿದ ಬಣ್ಣದ ಗೆರೆ, ಒಳಗಿನ ಕಾಲೊರಸು ಎಂದು ಅಂಗಡಿಯವರು ಏಳುನೂರು ಡಾಲರ್ ಸೇರಿಸಲು ಒಮ್ಮೆ ನೋಡಿದರು. ದಾಕ್ಷಾಯಣಿ ಪೇಪರಿನ ಬೆಲೆಯ ಮೇಲೆ ಕುಂಕುಮದ ಬೆರಳಿಟ್ಟಳು. ಏಳುನೂರು ಅಳಿಸಿಹೋಯಿತು. ಹನ್ನೆರಡರೊಳಗೆ ಸಹಿ ಮುಗಿದು ಕೀ ಅವಳ ಕೈಗೆ ಬಂತು.

ಹೊರಗೆ ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟಳು. ಜಯಂತ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದ, ಈಗವನಿಗೆ ಯಾವ ಪೊಲೀಸರ ಹೆದರಿಕೆಯೂ ಇರಲಿಲ್ಲ. "ಇನ್ನೊಮ್ಮೆ ಪೂಜಿ ಮಾಡ್ತೀ ಏನ?"

"ಪೂಜಿ ಮುಂಜಾನೇನ ಆಗೇತ್ರಿ," ಎಂದು ದಾಕ್ಷಾಯಣಿ ಸ್ಟೀರಿಂಗ್ ಹಿಂದೆ ಕೂತಳು. "ಕೂಸು ಈಗ ಹುಟ್ಟಿತು, ಅಷ್ಟ."

ನಿಂಬೆಹಣ್ಣು ಚಟ್ಟೆಂದು ಒಡೆದವು. ಮುದುಕ ಹ್ಯಾಟು ಎತ್ತಿದ. ಡಸ್ಟಿನ್ನನ ಮುಂದೆ ಬಂದಾಗ, ಬೇಕೆಂದೇ, ಉದ್ದಕ್ಕೆ ಹಾರ್ನ್ ಒತ್ತಿದಳು. ಸೋಮವಾರದ ದಾರಿಯನ್ನು ಇವತ್ತೇ ನೋಡಿಬರೋಣವೆಂದು ಕಾರನ್ನು ಫ್ಲವರ್ ಮೌಂಡ್ ಕಡೆಗೆ ತಿರುಗಿಸಿದಳು. ಜಯಂತ ಹಳೆಯ ಕಾರಿನಲ್ಲಿ ಅವಳ ಹಿಂದೆಯೇ ಹೊರಟ.