ಗಾಳಿ ಕುಡಿಯುವ ಮೀನು

ಬೋರ್ ಕೊರೆಯುವ ಗಾಡಿಯ ಮೇಲೆ ಊರೂರು ದುಡಿದ ನನ್ನ ತಮ್ಮನ ಮಗ ಸೋಮನಾಥನ ಪುಪ್ಪಸದಲ್ಲಿ ಕಲ್ಲಿನ ಪುಡಿ ಕೂತಿತ್ತು. ಮಿರಜದ ಡಾಕ್ಟರು ವಾಸಿಯಾಗುವ ಮಾತು ಆಡಲಿಲ್ಲ. ಗುಳಿಗೆ ಬಿಡಬೇಡಿ, ಆಗಾಗ ಬಂದು ತೋರಿಸಿ ಎಂದರು. ಆಮೇಲೆ ಅವನು ಸಾಂಗಲಿಯಿಂದ ಹಾವಿನಂಥ ಒಂದು ಮೀನು ತಂದ. ಯಳವಿಯ ನಮ್ಮ ಪಡಸಾಲೆಯಲ್ಲಿ, ಅವನ ಮಂಚದ ಮಗ್ಗುಲಿಗೆ ಗಾಜಿನ ತೊಟ್ಟಿ ಬಂತು.

ನೆರೆಮನೆಯ ರುಕ್ಮವ್ವ ಹೊಸ್ತಿಲು ದಾಟಲಿಲ್ಲ. "ನಾಗಪ್ಪನ್ನ ತಂದ ಗಾಜಿನ್ಯಾಗ ಇಟ್ಟೀಯಲ್ಲೋ, ಹಾಲರೆ ಹಾಕ್ತೀಯೋ ಇಲ್ಲೋ?"

"ಎರಿಹುಳ ಹಾಕ್ತೀನಿ. ನೀ ಹಾಲ ತಂದ್ರ ನಾ ಕುಡೀತೀನಿ," ಎಂದ ಸೋಮನಾಥ.

ಆಮೇಲೆ ನನಗೆ ಗುರುತು ಹೇಳಿಕೊಟ್ಟ. "ಬೆನ್ನ ನೋಡ ದೊಡ್ಡಪ್ಪಾ, ಗರಗಸದ ಹಲ್ಲಿನಂಗ ಸಾಲಾಗಿ ಸಣ್ಣ ಸಣ್ಣ ರೆಕ್ಕಿ. ಹಾವಿಗೆಲ್ಲಿ ಅದಾವು? ಮುಂದಿನ ಎರಡು ನೋಡ, ಕೈ ಊರಿದಂಗ ಊರತೈತಿ. ಬಿಚಿರ್ ಅಂತಾರ ಇದಕ್ಕ."

ಹಗಲೆಲ್ಲ ಅದು ಮರಳಿನ ಮೇಲೆ ಬಿದ್ದಿರುತ್ತಿತ್ತು. ಮೂಗಿನ ಮುಂದೆ ಹುಳ ಹಾಕಿದರೂ ಕಾಣದು. ವಾಸನೆ ಹಿಡಿದು ಹುಡುಕುತ್ತ ಮುಂದೆ ಹೋಗಿ, ಮತ್ತೆ ತಿರುಗಿ ಬರುವುದು. ಕಣ್ಣು ಮಂಜಾದ ಮುದಿ ಟಗರು ಮೇವು ಹುಡುಕುವುದನ್ನು ನೋಡಿದವನಿಗೆ ಇದು ಹೊಸದಲ್ಲ. ಆದರೆ ಒಮ್ಮೊಮ್ಮೆ ಬಾಣದಂತೆ ಮೇಲೆ ಬಂದು, ಬಾಯಿ ತೆರೆದು, ಮತ್ತೆ ತಳಕ್ಕೆ ಹೋಗುತ್ತಿತ್ತು. ಬತ್ತುವ ಕೆರೆಯಲ್ಲಿ ಮೀನು ಹೀಗೆ ಬಾಯಿ ಬಿಡುವುದನ್ನು ಬರದ ವರ್ಷಗಳಲ್ಲಿ ಕಂಡಿದ್ದೆ.

"ನೀರು ಕೆಟ್ಟಾವೇನೋ ಸೋಮ್ಯಾ, ಜೀವ ಬಿಡಾಕತ್ತೈತಿ."

"ಕೆಟ್ಟಿಲ್ಲ. ಇದಕ್ಕೂ ಪುಪ್ಪಸ ಅದಾವು. ಮ್ಯಾಲ ಬಂದು ಗಾಳಿ ಕುಡದ ಹೋಗತೈತಿ. ಗಾಳಿ ಸಿಗಲಿಲ್ಲಂದ್ರ ನೀರಾಗಿದ್ದೂ ಮುಳುಗಿ ಸಾಯತೈತಿ."

ಅದಕ್ಕೇ ತೊಟ್ಟಿಯನ್ನು ಗೇಣು ಕಡಿಮೆ ತುಂಬಿಸಿದ್ದ. ಜಿಗಿದು ಹೊರಗೆ ಬೀಳದಂತೆ ಮೇಲೊಂದು ಗಾಜಿನ ಮುಚ್ಚಳ.

ಅವನ ಹೆಂಡತಿ ಸುಮನ ಗುಳಿಗೆ ಕೊಟ್ಟರೆ, "ಇರು, ಅದು ಒಮ್ಮಿ ಮ್ಯಾಲ ಬರಲಿ," ಎನ್ನುತ್ತಿದ್ದ. ಅದು ಬಂದು ಹೋದ ಮೇಲೆ ನುಂಗುತ್ತಿದ್ದ.

"ಮಾವಾರ, ಅದು ಇರೂತನಕ ಇವ್ರು ಗುಳಗಿ ನುಂಗತಾರ್ರಿ," ಎಂದು ಸುಮನ ನನಗೆ ಮೆಲ್ಲಗೆ ಹೇಳಿದ್ದಳು. "ಅದಕ್ಕೇನರ ಆದ್ರ ಇವ್ರನ್ನ ಹಿಡಿಯೂದು ನನ್ನ ಕೈಲೆ ಆಗೂದಿಲ್ರಿ."

ಅವರಿಬ್ಬರೂ ಮಿರಜಕ್ಕೆ ಹೋದ ದಿನ ಸೊರಡಿಯಿಂದ ನನ್ನ ತಂಗಿ ಸಾವಿತ್ರವ್ವ ಬಂದಳು. ಬೇನೆ ಇರುವ ಮನೆಯಲ್ಲಿ ಅರೆ ತುಂಬಿದ ಪಾತ್ರೆ ಇಡಬಾರದೆಂಬುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ನಾನು ಕುರಿ ಹೊಡೆದುಕೊಂಡು ಹೋಗಿದ್ದೆ. ಸಂಜೆ ಬಂದು ನೋಡಿದರೆ ಕೊಡ, ಹಂಡೆ, ಚರಿಗೆ ಎಲ್ಲ ತುಳುಕುತ್ತಿದ್ದವು. ತೊಟ್ಟಿಯೂ ಕಂಠಮಟ್ಟ ತುಂಬಿತ್ತು. ಒತ್ತಿ ಮುಚ್ಚಿದ ಗಾಜಿನ ಅಂಚಿನಿಂದ ನೀರು ಜಿನುಗುತ್ತಿತ್ತು.

"ಅದೊಂದ ಯಾಕ ಬಿಡ್ಲಿ ಅಣ್ಣಾ?" ಎಂದಳು.

ನಾನು ಮುಚ್ಚಳ ತೆಗೆದು ತಂಬಿಗೆಯಿಂದ ನೀರು ಹೊರಹಾಕಿದೆ. ಮೀನು ಮರಳಿನ ಮೇಲೆ ದಿನದಂತೆಯೇ ಇತ್ತು. ಸುಮ್ಮನೆ ಬಿದ್ದಿರುವುದೇ ಅದರ ಗುಣ; ಇದೆಯೋ ಹೋಯಿತೋ ಹೇಗೆ ತಿಳಿಯಬೇಕು? ಎದುರಿಗೆ ಕೂತು ಕಾದೆ. ದೀಪ ಹಚ್ಚುವ ಹೊತ್ತಾದರೂ ಮೇಲೆ ಬರಲಿಲ್ಲ.

ಸೋಮನಾಥ ಬಂದವನೇ ಒದ್ದೆ ನೆಲ ನೋಡಿದ. ನೀರಿನಲ್ಲಿ ಬೆರಳು ಇಳಿಸಿ ಮೀನಿನ ಬೆನ್ನು ಮುಟ್ಟಿದ; ಅದು ಮಿಸುಕಲಿಲ್ಲ.

"ಯಾರು ತುಂಬಿದ್ರು?"

"ನಾನ ಯಪ್ಪಾ," ಎಂದಳು ಸಾವಿತ್ರವ್ವ. "ಒಂದ ಹನಿ ಕಡಿಮಿ ಇಟ್ಟಿಲ್ಲ. ಇನ್ನ ನಿನ್ನ ಆಯುಷ್ಯನೂ ತುಂಬತೈತಿ."

ಅವನಿಗೆ ಏದುಸಿರು. ಸಾವರಿಸಿಕೊಂಡು, "ಭಾಳ ದಣದೀ ಅತ್ತಿ. ಉಂಡ ಮಲ್ಕೊ," ಎಂದ.

"ನಿನ್ನ ಮೀನ ಏಳೂದ ಇಲ್ಲಲ್ಲೋ. ಮೈಗಳ್ಳ ಐತಿ."

"ಅದರ ಗುಣಾನ ಹಂಗ."

ಮರುದಿನ ಅವಳು ಅವನ ಕೆನ್ನೆ ಸವರಿ ಲಟಿಕೆ ಮುರಿದು ಹೊರಟಳು. ಅವಳನ್ನು ಬಸ್ಸಿಗೆ ಹತ್ತಿಸಿ ಬಂದಾಗ ಅವನು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದ. ಸುಮನ ಗುಳಿಗೆ ಹಿಡಿದು ನಿಂತಿದ್ದಳು.

"ಇದೊಂದ ನುಂಗ್ರಿ."

"ಸಾಕ ಸುಮನ."

ಅವಳು ನನ್ನ ಕಡೆ ನೋಡಿದಳು. ಗುಳಿಗೆ ಇಸಿದುಕೊಂಡು ಮಂಚದ ಅಂಚಿಗೆ ಕೂತೆ. ಬೇನೆಬಿದ್ದ ಎಷ್ಟೋ ಮರಿಗಳಿಗೆ ದವಡೆ ಒತ್ತಿ ಔಷಧ ನುಂಗಿಸಿದ ಕೈ ಇದು.

"ಸೋಮ್ಯಾ," ಎಂದೆ.

ಅವನು ತಿರುಗಲಿಲ್ಲ. ಗುಳಿಗೆ ಅಂಗೈಯ ಬೆವರಿಗೆ ಕರಗಿ, ಅದರ ಬಣ್ಣ ಕೈಗೆ ಹತ್ತುತ್ತಿತ್ತು.